ಸುಟ್ಟ ಕೈ ಕೆತ್ತಿದ ರೋಮ್

ಮೊದಲೇ ಬರೆದು ಸಮಯ ಗೊತ್ತು ಮಾಡಿಕೊಂಡರೆ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನವರು ನಾಲ್ಕು ಶತಮಾನ ಹಳೆಯ ಮುದ್ರಚಿತ್ರವನ್ನು, ಅಂದರೆ ತಾಮ್ರದ ತಗಡಿನಲ್ಲಿ ಕೆತ್ತಿ ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಚಿತ್ರವನ್ನು, ತಂದು ಮೇಜಿನ ಮೇಲೆ ಇಡುತ್ತಾರೆ. ನಾನು ಕೇಳಿದ್ದು ಡಚ್ ಕೆತ್ತನೆಗಾರ ಹೆಂಡ್ರಿಕ್ ಗೋಲ್ಟ್ಸಿಯಸ್ 1586ರಲ್ಲಿ ಹಾರ್ಲೆಮ್‌ನಲ್ಲಿ ಕೆತ್ತಿ, ಚಕ್ರವರ್ತಿ ಎರಡನೇ ರುಡಾಲ್ಫನಿಗೆ ಅರ್ಪಿಸಿದ ರೋಮನ್ ವೀರರ ಸರಣಿಯನ್ನು. ಅದರಲ್ಲಿ ನನಗೆ ಮುಖ್ಯವಾಗಿ ಬೇಕಿದ್ದದ್ದು ಮ್ಯೂಸಿಯಸ್ ಸ್ಕೆವೋಲನ ಹಾಳೆ.

ಎಟ್ರುಸ್ಕನ್ ದೊರೆ ಪೋರ್ಸೆನ್ನ ರೋಮಿಗೆ ಮುತ್ತಿಗೆ ಹಾಕಿದ್ದಾಗ ಅವನನ್ನು ಕೊಲ್ಲಲು ಹೊರಟವನು ಈ ಮ್ಯೂಸಿಯಸ್. ದೊರೆಯೆಂದು ತಿಳಿದು ಅವನ ಲಿಪಿಕಾರನನ್ನು ಕೊಂದು ಸೆರೆಸಿಕ್ಕುತ್ತಾನೆ. ಬೆದರಿಕೆಗೆ ಜಗ್ಗದೆ ತಾನಾಗಿಯೇ ಬಲಗೈಯನ್ನು ಬೆಂಕಿಗೆ ಒಡ್ಡಿ ನಿಲ್ಲುತ್ತಾನೆ. ದೊರೆ ಬೆರಗಾಗಿ ಅವನನ್ನು ಬಿಟ್ಟುಬಿಡುತ್ತಾನೆ.

ಈ ಕಥೆಯನ್ನು ಕೆತ್ತಿದವನ ಬಲಗೈ ಕೂಡ ಸುಟ್ಟದ್ದೇ. ಅವನ ಗೆಳೆಯ ಕಾರೆಲ್ ಫಾನ್ ಮಾಂಡರ್ 1604ರಲ್ಲಿ ಅದನ್ನು ದಾಖಲಿಸಿದ್ದಾನೆ: ಗೋಲ್ಟ್ಸಿಯಸ್ ಹಸುಗೂಸಾಗಿದ್ದಾಗ ಬೆಂಕಿಗೆ ಬಿದ್ದ, ಎರಡೂ ಕೈ ಸುಟ್ಟವು, ನೆರೆಯಾಕೆಯೊಬ್ಬಳು ತಪ್ಪಾಗಿ ಕಟ್ಟು ಕಟ್ಟಿದ್ದರಿಂದ ಬಲಗೈಯ ಸ್ನಾಯುರಜ್ಜುಗಳು ಕೂಡಿಕೊಂಡವು. ಆ ಕೈಯನ್ನು ಅವನಿಗೆ ಎಂದೂ ಪೂರ್ತಿ ಬಿಚ್ಚಲಾಗಲಿಲ್ಲ. ತಾಮ್ರ ಕೆತ್ತುವ ಉಳಿಯಾದ ಬ್ಯೂರಿನ್ನಿನ ಹಿಡಿಯನ್ನು ಅಂಗೈಗೆ ಒತ್ತಿ ಮುಂದಕ್ಕೆ ತಳ್ಳಬೇಕು. ಬಲ ಬರುವುದು ತೋಳಿನಿಂದ, ಹೆಗಲಿನಿಂದ. ಮಡಚಿದ ಕೈ ಆ ಕೆಲಸಕ್ಕೆ ಒದಗಿಬಂತು ಎಂದು ವಿದ್ವಾಂಸರು ಹೇಳುವುದುಂಟು. ನಾನು ಅದನ್ನು ನಂಬುತ್ತೇನೆ.

ಭೂತಗನ್ನಡಿಯನ್ನು ವೀರನ ತೊಡೆಯ ಮೇಲೆ ಹಿಡಿದೆ. ಕೂದಲೆಳೆಯಂತೆ ಹೊರಟ ಗೆರೆ ಸ್ನಾಯುವಿನ ನೆರಳಿಗೆ ಬಂದಾಗ ದಪ್ಪವಾಗುತ್ತದೆ, ಬೆಳಕಿನತ್ತ ತಿರುಗಿದಂತೆ ಮತ್ತೆ ಸಪೂರವಾಗುತ್ತದೆ. ಉಳಿಯನ್ನು ಆಳಕ್ಕೆ ಒತ್ತಿದಷ್ಟೂ ತಾಮ್ರದ ಗೀರು ಅಗಲವಾಗಿ ಹೆಚ್ಚು ಶಾಯಿ ಹಿಡಿಯುತ್ತದೆ. ಇನ್ನೊಂದು ಸಾಲು ಗೆರೆಗಳು ಓರೆಯಾಗಿ ಬಂದು ಇವನ್ನು ದಾಟುತ್ತವೆ. ಇಡೀ ಮೈ ಇಷ್ಟರಿಂದಲೇ ಆಗಿದೆ! ಬೂದು ಬಣ್ಣವೆಂಬುದು ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಇರುವುದು ಕಪ್ಪು ಗೆರೆ ಮತ್ತು ಬಿಳಿ ಕಾಗದ. ಆ ದೈತ್ಯ ದೇಹಗಳು ಬರಿಯ ಆಡಂಬರವೆಂದು ದೂರುವವರ ಮಾತನ್ನು ನಾನು ಒಪ್ಪಲಾರೆ. ಪ್ರತಿ ಉಬ್ಬಿನ ಹಿಂದೆಯೂ ಒಂದು ಕೈಯ ನಿಜವಾದ ಶ್ರಮವಿದೆ.

ಅನಂತರ ಅವನದೇ ಇನ್ನೊಂದು ಕೆತ್ತನೆ, ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್‌ನನ್ನು ತರಿಸಿಕೊಂಡೆ. 1590ರಲ್ಲಿ ಇಟಲಿಗೆ ಹೊರಟ ಗೋಲ್ಟ್ಸಿಯಸ್, ರೋಮ್‌ನಲ್ಲಿ ಫಾರ್ನೀಸ್ ಮನೆತನದ ಬಳಿಯಿದ್ದ ಪ್ರಸಿದ್ಧ ಹರ್ಕ್ಯುಲಿಸ್ ಶಿಲೆಯ ಚಿತ್ರವನ್ನು ಹಿಂದಿನಿಂದ ನಿಂತು ಬರೆದುಕೊಂಡ. ಅದರಿಂದ ಮಾಡಿದ ಕೆತ್ತನೆ ಹೊರಬಂದದ್ದು ಅವನು ತೀರಿಕೊಂಡ ವರ್ಷವಾದ 1617ರಲ್ಲಿ. ಕೆಳಗೆ ಮೂಲೆಯಲ್ಲಿ ಇಬ್ಬರು ಗಂಡಸರು ತಲೆಯೆತ್ತಿ ಹರ್ಕ್ಯುಲಿಸ್‌ನ ಮುಖವನ್ನು ನೋಡುತ್ತಿದ್ದಾರೆ. ನಮಗೆ ಕಾಣುವುದು ವಿಶಾಲವಾದ ಬೆನ್ನು, ಬೆನ್ನ ಹಿಂದೆ ಇಟ್ಟುಕೊಂಡ ಕೈ, ಆ ಕೈಯಲ್ಲಿ ಪುರಾಣದ ಹೆಸ್ಪೆರಿಡಿಸ್ ಅಪ್ಸರೆಯರ ತೋಟದಿಂದ ತಂದ ಸೇಬುಗಳು. ಎದುರು ನಿಂತ ಆ ಇಬ್ಬರಿಗೆ ಸೇಬುಗಳು ಕಾಣಿಸುವಂತಿಲ್ಲ. ಇಲ್ಲೂ ಅವನು ನಮ್ಮ ಕಣ್ಣನ್ನು ಕೈಯ ಬಳಿಗೇ ಕರೆದೊಯ್ದಿದ್ದಾನೆ.

ಆ ಶಿಲೆಯನ್ನು ನೋಡಿ ಬರೆದ ಚಿತ್ರ ಹಾರ್ಲೆಮ್‌ನ ಟೈಲರ್ಸ್ ಸಂಗ್ರಹಾಲಯದಲ್ಲಿದೆ. 1588ರಲ್ಲಿ ಅವನು ಲೇಖನಿಯಿಂದ ಬರೆದ ತನ್ನ ಬಲಗೈಯ ಚಿತ್ರವೂ ಅಲ್ಲೇ ಇದೆ. ಎರಡನ್ನೂ ನೋಡಲು ಸಾಧ್ಯವೇ ಎಂದು ಕೇಳಿ ಆ ಸಂಜೆಯೇ ಅಲ್ಲಿಗೆ ಪತ್ರ ಬರೆದೆ.