ಕಲರ್ ಬಂದ್ರೆ ಬಾರ್ನಿ ಇಲ್ಲ

ಅಮೆರಿಕದ ಹಳೇ ಟಿವಿ ಶೋಗಳ ಮಾತು ಬಂದ್ರೆ ಎಲ್ರೂ ಕತೆ, ಆ್ಯಕ್ಟರ್ಸು ಅಂತ ಶುರು ಹಚ್ಕೋತಾರೆ, ನಂಗೆ ಮಾತ್ರ ಅವು ಹೊತ್ತುಗೊತ್ತಿಲ್ದೆ ಬರ್ತಿದ್ದ ರೀತಿನೇ ಜಾಸ್ತಿ ನೆನಪು. ಓದೋಕೆ ಅಂತ ಅಲ್ಲಿಗೆ ಹೋದಾಗ ನಮ್ಮ ರೂಮಲ್ಲಿ ಕೇಬಲ್ ಇರ್ಲಿಲ್ಲ, ಎರಡು ಕಡ್ಡಿ ಆಂಟೆನಾ ಸಿಕ್ಕಿಸಿದ ಟಿವಿ ಒಂದಿತ್ತು ಅಷ್ಟೆ. ಅದ್ರಲ್ಲಿ ಸಿಗ್ತಿದ್ದ ಲೋಕಲ್ ಸ್ಟೇಷನ್ನವ್ರು ಮಧ್ಯಾಹ್ನ, ಮಧ್ಯರಾತ್ರಿ ಹೊತ್ತು ತುಂಬ್ಸೋಕೆ ಯಾವ್ಯಾವ್ದೋ ಕಾಲದ ಶೋಗಳನ್ನ ಹಾಕೋರು.

ಸಿಂಡಿಕೇಷನ್ ಅಂದ್ರೆ ಇದೇ. ನೆಟ್‌ವರ್ಕಲ್ಲಿ, ಅಂದ್ರೆ ಇಡೀ ದೇಶಕ್ಕೆ ಶೋ ಕೊಡೋ ದೊಡ್ಡ ಚಾನೆಲ್ಲಲ್ಲಿ, ವಾರಕ್ಕೊಂದು ಬಂದು ಮುಗಿದಿರೋ ಶೋನ ಊರೂರಿನ ಸ್ಟೇಷನ್ನಿಗೆ ಮಾರೋದು, ಅವ್ರು ಸೋಮವಾರದಿಂದ ಶುಕ್ರವಾರದ ತನಕ ದಿನಾ ಒಂದೊಂದು ಹಾಕೋದು, ಖಾಲಿಯಾದ್ರೆ ಮತ್ತೆ ಮೊದ್ಲಿಂದ. ಹಂಗೆ ಓಡಿಸ್ಬೇಕಂದ್ರೆ ಸುಮಾರು 100 ಎಪಿಸೋಡ್ ಆದ್ರೂ ಇರ್ಬೇಕು ಅಂತ ಒಂದು ಲೆಕ್ಕ. ಆದ್ರೆ ಬಾಹ್ಯಾಕಾಶದ ಕತೆಯ ಸ್ಟಾರ್ ಟ್ರೆಕ್ ಇದ್ದಿದ್ದೇ 79, ಎನ್‌ಬಿಸಿ ನೆಟ್‌ವರ್ಕಿನವ್ರು 1969ರಲ್ಲಿ ನಿಲ್ಲಿಸ್ಬಿಟ್ರು, ಅದಕ್ಕೆ ಆ ಪಾಟಿ ಫ್ಯಾನ್ಸ್ ಹುಟ್ಟಿದ್ದು ಆಮೇಲೆ, 70ರ ದಶಕದ ಮರುಪ್ರಸಾರದಲ್ಲಿ. ದೊಡ್ಡ ಕುಟುಂಬವೊಂದರ ಕಾಮಿಡಿ ಬ್ರೇಡಿ ಬಂಚ್ ಕೂಡ ಅಷ್ಟೆ, ಮೊದಲ ಸಲ ಬಂದಾಗ ರೇಟಿಂಗಲ್ಲಿ ಹೇಳ್ಕೊಳ್ಳೋ ಹಾಗೇನೂ ಇರ್ಲಿಲ್ಲ, ಸ್ಕೂಲ್ ಬಿಟ್ಟು ಬಂದ ಮಕ್ಕಳು ಮನೇಲಿ ಕೂತು ನೋಡಿ ನೋಡಿ ಅದನ್ನ ಮನೆಮಾತು ಮಾಡಿದ್ದು. ಅಂದ್ರೆ ಯಾವ್ದು ಕ್ಲಾಸಿಕ್ ಅಂತ ತೀರ್ಮಾನ ಮಾಡಿದ್ದು ಎಷ್ಟೋ ಸಲ ಈ ಹೊತ್ತು ತುಂಬ್ಸೋ ಜನಾನೇ!

ಇದಕ್ಕೆಲ್ಲ ದಾರಿ ಮಾಡ್ಕೊಟ್ಟಿದ್ದು ಐ ಲವ್ ಲೂಸಿ ಅನ್ನೋ ಕಾಮಿಡಿ ಮಾಡಿದ ಗಂಡ-ಹೆಂಡ್ತಿ ಜೋಡಿ ಲೂಸಿಲ್ ಬಾಲ್, ಡೆಸಿ ಅರ್ನಾಜ್ ಅಂತ ನನ್ ಅಭಿಪ್ರಾಯ. 1951ರಲ್ಲಿ ಆ ಶೋ ಶುರುವಾದಾಗ ಬಹಳಷ್ಟು ಶೋಗಳು ನ್ಯೂಯಾರ್ಕಿಂದ ಲೈವ್ ಬರ್ತಿದ್ವು, ಇವ್ರು ಹಾಲಿವುಡ್ಡಲ್ಲೇ 35 ಎಂಎಂ ಫಿಲ್ಮಲ್ಲಿ ತೆಗಿತೀವಿ ಅಂತ ಪಟ್ಟು ಹಿಡಿದ್ರು, ಸಂಬಳ ಕಮ್ಮಿ ಮಾಡ್ಕೊಂಡು ಆ ಫಿಲ್ಮಿನ ಹಕ್ಕನ್ನೇ ಇಟ್ಕೊಂಡ್ರು. ಫಿಲ್ಮ್ ಇದ್ದಿದ್ರಿಂದ ತಾನೆ ನಾವು ಅಷ್ಟು ವರ್ಷ ಆದ್ಮೇಲೂ ಅಷ್ಟು ಚೆನ್ನಾಗಿ ನೋಡಿದ್ದು.

ನನ್ನ ಫೇವರಿಟ್ ಮಾತ್ರ ದಿ ಆ್ಯಂಡಿ ಗ್ರಿಫಿತ್ ಶೋ. ನಾರ್ತ್ ಕೆರೊಲಿನಾದ ಮೇಬೆರಿ ಅನ್ನೋ ಕಾಲ್ಪನಿಕ ಊರು, ಅಲ್ಲಿನ ಶೆರಿಫ್, ಅಂದ್ರೆ ಪೊಲೀಸ್ ಮುಖ್ಯಸ್ಥ, ಆ್ಯಂಡಿ, ಅವನ ಡೆಪ್ಯುಟಿ ಬಾರ್ನಿ. ಈ ಬಾರ್ನಿ ಕೈಗೆ ಗನ್ ಕೊಟ್ರೆ ಏನಾಗತ್ತೋ ಅಂತ ಆ್ಯಂಡಿ ಅವನಿಗೆ ಒಂದೇ ಒಂದು ಗುಂಡು ಕೊಟ್ಟಿರ್ತಾನೆ, ಅದೂ ಗನ್ನೊಳಗಲ್ಲ, ಅಂಗಿ ಜೇಬಲ್ಲಿ ಇಟ್ಕೊಂಡಿರ್ಬೇಕು. ಬಾರ್ನಿ ಮಾಡ್ತಿದ್ದ ಡಾನ್ ನಾಟ್ಸ್ ಐದು ಸೀಸನ್ ಆದ್ಮೇಲೆ 1965ರಲ್ಲಿ ಶೋ ಬಿಟ್ಟ, ಶೋ ಕಲರ್ ಆಗಿದ್ದೂ ಸರಿಯಾಗಿ ಆರನೇ ಸೀಸನ್ನಿಂದ. ಹಂಗಾಗಿ ಟಿವಿ ಹಾಕಿದ ತಕ್ಷಣ, ಆ್ಯಂಡಿ, ಅವನ ಮಗ ಗಾಳ ಹಿಡ್ಕೊಂಡು ಸಿಳ್ಳೆ ಟ್ಯೂನಿಗೆ ನಡ್ಕೊಂಡು ಬರೋ ಟೈಟಲ್ಲಲ್ಲೇ ಗೊತ್ತಾಗ್ಬಿಡೋದು, ಕಪ್ಪುಬಿಳುಪಾದ್ರೆ ಖುಷಿ, ಕಲರ್ ಬಂತಾ, ಅಯ್ಯೋ ಇವತ್ತು ಬಾರ್ನಿ ಇಲ್ಲ ಮಾರಾಯ. (ಅಪರೂಪಕ್ಕೆ ಗೆಸ್ಟ್ ಆಗಿ ಬರ್ತಿದ್ದ, ಅದೊಂದು ಆಸೆ ಇರೋದು.)

ಆಮೇಲೆ ಡಿವಿಡೀಲಿ ನೋಡ್ದಾಗ, ನಾನು ಬಾಯಿಪಾಠ ಆಗಿದೆ ಅಂದ್ಕೊಂಡಿದ್ದ ಎಪಿಸೋಡುಗಳಲ್ಲೂ ಕಂಡೇ ಇರದ ಸೀನುಗಳು. ಆಗ ಅರ್ಧ ಗಂಟೆ ಶೋ ಅಂದ್ರೆ ಸುಮಾರು 25 ನಿಮಿಷ ತೆಗಿತಿದ್ರು, ಆಡ್ ಜಾಸ್ತಿ ಆದಂಗೆ ಸ್ಟೇಷನ್ನಿಗೆ ಬರ್ತಿದ್ದ ಕಾಪಿಗೆ ಕತ್ರಿ ಬಿತ್ತು. ಕೊನೇಲಿ ಇಬ್ರು ವರಾಂಡದಲ್ಲಿ ಕೂತು ಸುಮ್ನೆ ಹರಟೋ ತುಣುಕಿಗೇ ಮೊದ್ಲು ಏಟು, ನಂಗೆ ಅದೇ ಇಷ್ಟ.

ಈಗ ಬೇಕಾದ್ದು ಆರಿಸ್ಕೊಂಡು ನೋಡ್ಬೋದು, ಆರಿಸೋಕೆ ಬಿಟ್ರೆ ನಾನು ಬಾರ್ನಿ ಇರೋದನ್ನೇ ಆರಿಸ್ತೀನಿ. ಕಲರ್ ಸೀಸನ್ನಲ್ಲಿ ಹಾವರ್ಡ್ ಅಂತ ಒಬ್ಬ ಕ್ಲರ್ಕು, ಟಿವೀಲಿ ಕೆರಿಬಿಯನ್ ದ್ವೀಪ ನೋಡಿ ಇದ್ದ ಕೆಲಸ ಬಿಟ್ಟು ಅಲ್ಲಿಗೇ ಹೋಗ್ಬಿಡ್ತಾನೆ, ಅಲ್ಲಿ ಮಾಡೋಕೆ ಏನೂ ಇಲ್ದೆ ತಲೆಕೆಟ್ಟು ವಾಪಸ್ ಬರ್ತಾನೆ. ಬೇರೆ ಚಾನೆಲ್ ಸರಿಯಾಗಿ ಹಿಡಿಯದೆ ವಿಧಿಯಿಲ್ದೆ ನೋಡಿದ್ದು ಅದು. ಬಾರ್ನಿ ಇಲ್ದಿದ್ರೂ ಚೆನ್ನಾಗಿತ್ತು.