ಸೇತುವೆಯ ಕಾಲುಗಳ ಮೇಲೆ

ಜಪಾನಿನ ಕ್ಯೋಟೋದ ಹೇಯಾನ್ ಜಿಂಗು ಶಿಂಟೋ ದೇಗುಲಕ್ಕೆ ನಾವು ಎರಡು ಸಲ ಹೋಗಬೇಕಾಯಿತು. ಮೊದಲ ಸಂಜೆ ಅಂಗಳವೇನೋ ತೆರೆದಿತ್ತು, ತೋಟದ ಟಿಕೆಟ್ ಕಿಂಡಿ ಮುಚ್ಚಿತ್ತು. ಅಂಗಳಕ್ಕೆ ದುಡ್ಡು ಕೊಡಬೇಕಿಲ್ಲ. ತೋಟಕ್ಕೆ ಟಿಕೆಟ್ ಉಂಟು, ಅದು ಬೇಗ ಮುಚ್ಚುತ್ತದೆ. ಹೋಗುವವರು ಬೆಳಿಗ್ಗೆಯೇ ಹೋಗಿ. ನನ್ನ ಮಧ್ಯಾಹ್ನದ ನಿದ್ದೆಯನ್ನು ಮಗಳು ಇವತ್ತಿಗೂ ಎತ್ತಿ ಆಡುತ್ತಾಳೆ.

ಅಂಗಳ ನನಗೆ ಹಿಡಿಸಲಿಲ್ಲ. ಕ್ಯೋಟೋ ರಾಜಧಾನಿಯಾಗಿ 1,100 ವರ್ಷವಾದ ನೆನಪಿಗೆ 1895ರಲ್ಲಿ, ಹಳೆಯ ಅರಮನೆಯ ಸಭಾಭವನದ ಮಾದರಿಯನ್ನು ಎಂಟರಲ್ಲಿ ಐದು ಪಾಲಿನಷ್ಟು ಅಳತೆಗೆ ಇಳಿಸಿ ಕಟ್ಟಿದ್ದು. ಕಿತ್ತಳೆಗೆಂಪು ಕಂಬಗಳು ನಿನ್ನೆ ಬಣ್ಣ ಬಳಿದಂತಿದ್ದವು.

ತೋಟದ ಮಾತೇ ಬೇರೆ. ಒಗಾವಾ ಜಿಹೇಯಿ ರೂಪಿಸಿದ್ದು. ಕೊಳಗಳ ನೀರು ಬಿವಾ ಸರೋವರದಿಂದ ಕಾಲುವೆಯಲ್ಲಿ ಬಂದದ್ದು. ಗಿಡಗಳ ನಡುವೆ ಹಳೆಯ ಟ್ರಾಮೊಂದು ನಿವೃತ್ತ ನೌಕರನ ಹಾಗೆ ನಿಂತಿತ್ತು. ಜೂನ್ ತಿಂಗಳಾದ್ದರಿಂದ ಐರಿಸ್ ಹೂಗಳೂ ಇದ್ದವು. ಮಗಳು ಅವುಗಳ ಚಿತ್ರ ತೆಗೆಯುತ್ತಿರುವಾಗ ನಾನು ಮುಂದೆ ನಡೆದೆ.

ನಡುವಣ ಕೊಳದಲ್ಲಿ ಬೀಸುವ ಕಲ್ಲಿನಂಥ ದುಂಡು ಕಲ್ಲುಗಳು, ಬಾಗಿ ಬಳುಕುವ ಸಾಲಾಗಿ. ದಾಟಲು ಅಂಜಿ ನಿಂತಿದ್ದೆ. ದಂಡೆಯಲ್ಲಿ ಕುಳಿತಿದ್ದ ವೃದ್ಧರೊಬ್ಬರು ಕಲ್ಲು ತೋರಿಸಿ ಏನೋ ಹೇಳಿದರು. ಅನುವಾದಕ್ಕೆಂದು ಮೊಬೈಲ್ ಮುಂದೆ ಹಿಡಿದೆ. "ಇವು ಊಟದ ಕಡ್ಡಿಗಳ ಕಾಲುಗಳು" ಎಂದಿತು! ಅವರು ಪರದೆ ನೋಡಿ ನಕ್ಕು, ಎರಡು ಬೆರಳುಗಳಿಂದ ತುತ್ತೆತ್ತಿದಂತೆ ಮಾಡಿ ತಲೆಯಾಡಿಸಿ ಅಲ್ಲವೆಂದರು. ಆಮೇಲೆ ಅಂಗೈಯನ್ನು ಕಮಾನು ಮಾಡಿ, ಅದರ ಮೇಲೆ ಅದೇ ಬೆರಳುಗಳನ್ನು ನಡೆಸಿದರು. ಹಾಶಿ ಎಂದರೆ ಊಟದ ಕಡ್ಡಿಯೂ ಹೌದು, ಸೇತುವೆಯೂ ಹೌದು ಎಂದು ಹಿಂದಿನಿಂದ ಬಂದ ಮಗಳು ಬಿಡಿಸಿ ಹೇಳಿದಳು. 16ನೆಯ ಶತಮಾನದ ಕೊನೆಗೆ, ಆಗ ಜಪಾನನ್ನು ಆಳುತ್ತಿದ್ದ ಟೊಯೊಟೊಮಿ ಹಿದೆಯೋಶಿ ಕಾಮೋ ನದಿಗೆ ಕಟ್ಟಿಸಿದ ಸಂಜೋ, ಗೋಜೋ ಸೇತುವೆಗಳ ಕಲ್ಲುಕಂಬಗಳ ತುಂಡುಗಳೇ ಅವು.

ಹಂಪಿಯಲ್ಲಿ ತುಂಗಭದ್ರೆಯ ಹಳೆಯ ಸೇತುವೆಯ ಕಂಬಗಳು ಇಂದಿಗೂ ನೀರಿನಲ್ಲಿ ನಿಂತಿವೆ. ಮೇಲೆ ಹಾಸಿಲ್ಲ, ನಡೆಯುವವರಿಲ್ಲ. ಇಲ್ಲಿ ಕಂಬದ ತುಂಡಿನ ಮೇಲೇ ಕಾಲಿಡಬೇಕು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೆ. ವೃದ್ಧರು ಬೇಡವೆಂಬಂತೆ ಕೈಯಾಡಿಸಿದರು, ಆಮೇಲೆ ಸುಮ್ಮನಾದರು. ಕಲ್ಲು ತಣ್ಣಗಿತ್ತು. ಮೂರನೆಯದರ ಮೇಲೆ ನಿಂತು ಬಿಟ್ಟೆ; ಕೆಳಗೊಂದು ದೊಡ್ಡ ಮೀನು ಬಂದು ಬಾಯಿ ತೆರೆಯಿತು.

"ಅಮ್ಮಾ, ನಡಿ. ಹಿಂದೆ ಜನ ನಿಂತಿದ್ದಾರೆ."