ಅಳಿಯನ ಗೇಮಿನಲ್ಲಿ ಸಿಕ್ಕಿದ 214 ಕೋಟಿ

ಮೊನ್ನೆ ಸಂಜೆ ಬಿಜೈಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಹೊರಗೆ ಜೋರು ಮಳೆ, ಒಳಗೆ ಬಿಸಿ ಗೋಳಿಬಜೆ, ಕರೆಂಟ್ ಮಾತ್ರ ಇಲ್ಲ. ಅಳಿಯ ಮೊಬೈಲ್ ಹಿಡಿದುಕೊಂಡು ಬಂದ. "ಮಾವ, ಎಷ್ಟು ಆಡಿದರೂ ಕಾಯಿನ್ ಏರುವುದೇ ಇಲ್ಲ, ಎಂತ ಆಗಿದೆ ನೋಡಿ." ನೋಡಿದರೆ 2147483647. ಹಳೇ ಪರಿಚಯದ ನಂಬರ್ ಮಾರಾಯ್ರೆ, ನಗು ಬಂತು.

ಗೇಮ್ ಬರೆದವರು ಕಾಯಿನ್ ಲೆಕ್ಕಕ್ಕೆ 32 ಬಿಟ್ ಜಾಗ ಇಟ್ಟಿರುತ್ತಾರೆ, ಬಿಟ್ ಅಂದರೆ 0 ಅಥವಾ 1 ಮಾತ್ರ ಹಿಡಿಸುವ ಒಂದು ಖಾನೆ. ಅದರಲ್ಲಿ ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಎಂದು ಹೇಳುವುದಕ್ಕೇ ಖರ್ಚು. ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದು, ಅಂದರೆ 31 ಎರಡುಗಳನ್ನು ಗುಣಿಸಿ ಒಂದು ಕಳೆದದ್ದು. 1970ರಿಂದ ಸೆಕೆಂಡ್ ಎಣಿಸುತ್ತಾ ಬಂದಿರುವ ಹಳೇ ಕಂಪ್ಯೂಟರುಗಳ 32 ಬಿಟ್ ಗಡಿಯಾರಗಳಿಗೂ ಇದೇ ಕೊನೆಯ ಸಂಖ್ಯೆ. ನಮ್ಮ ಸಮಯದಲ್ಲಿ 2038ರ ಜನವರಿ 19, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅವುಗಳ ಜಾಗ ಮುಗಿಯುತ್ತದೆ.

ಅದೆಲ್ಲ ಇರಲಿ. ಈ ಸಂಖ್ಯೆ ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಅದೇ ಇದರ ಮಜಾ.

"ಯಾರಿಗೆ ಗೊತ್ತು? ಎಲ್ಲದರಿಂದ ಭಾಗಿಸಿ ನೋಡಿದ್ದಾರಾ?" ಎಂದ ಅಳಿಯ. ಒಳ್ಳೇ ಪ್ರಶ್ನೆ ಅಲ್ವಾ? ವರ್ಗಮೂಲ 46340 ಚಿಲ್ಲರೆ, ಅಲ್ಲಿವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು, ಆದರೆ ಅವೇ ನಾಲ್ಕು ಸಾವಿರಕ್ಕಿಂತ ಜಾಸ್ತಿ ಇವೆ. 1772ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಸಾಧಿಸಿ ತೋರಿಸಿದಾಗ ಅವರ ಕಣ್ಣು ಬಹುತೇಕ ಹೋಗಿತ್ತು. ಅವರು ಹಿಡಿದ ದಾರಿ ಇದು: ಇದನ್ನು ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ, ಅದರಿಂದ 1 ಕಳೆದಾಗ 62ರ ಮಗ್ಗಿಯಲ್ಲಿ ಬರಲೇಬೇಕು, ಜೊತೆಗೆ ಆ ಅವಿಭಾಜ್ಯವನ್ನು 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. ಅಲ್ಲಿಗೆ ಪರೀಕ್ಷೆ ಮಾಡಬೇಕಾದವು ಹೆಚ್ಚೆಂದರೆ 372. ಸುಮ್ನೆ 3, 7, 11 ಎಂದು ಹೋಗುವ ಗೋಜೇ ಇಲ್ಲ, ಅವೆಲ್ಲ ಮೊದಲೇ ಔಟ್.

ಕ್ಯಾಲೆಂಡರಿನ ಹಳೇ ಹಾಳೆ ತಿರುಗಿಸಿ ಪೆನ್ನು ಹಿಡಿದೆವು, ಟಾರ್ಚ್ ಬೆಳಕಿನಲ್ಲಿ. ಪಟ್ಟಿಯಲ್ಲಿ ಮೊದಲ ಅವಿಭಾಜ್ಯ 311. ಭಾಗಿಸಿದರೆ 6905092, ಶೇಷ 35. ಅಳಿಯ ಮಧ್ಯೆ ಒಂದು ಸೊನ್ನೆ ನುಂಗಿಬಿಟ್ಟಿದ್ದ, ಮತ್ತೆ ಮೊದಲಿಂದ ಮಾಡಿದೆವು. ನಂತರ 497 ಬರುತ್ತದೆ, ಆದರೆ ಅದು 7 ಗುಣಿಸು 71. ಹೀಗೆ ಒಂದೊಂದನ್ನೇ ಹೊಡೆದುಹಾಕುತ್ತಾ ಹೋದರೆ ಮುಂದಿನ ಅವಿಭಾಜ್ಯ ಸಿಗುವುದು 1303ರಲ್ಲಿ! ಶೇಷ 226. ಅಷ್ಟರಲ್ಲಿ ನನ್ನ ಕೈಯೆಲ್ಲ ಎಣ್ಣೆ, ಹಾಳೆಯೆಲ್ಲ ಗೋಳಿಬಜೆಯ ಕಲೆ.

2024ರಲ್ಲಿ ಸಿಕ್ಕಿದ ಇದೇ ಜಾತಿಯ, ಅಂದರೆ ಎರಡುಗಳನ್ನು ಗುಣಿಸಿ ಒಂದು ಕಳೆದ ಅವಿಭಾಜ್ಯ ಸಂಖ್ಯೆಗೆ 4 ಕೋಟಿ 10 ಲಕ್ಷಕ್ಕಿಂತ ಜಾಸ್ತಿ ಅಂಕಿಗಳಿವೆಯಂತೆ ಎಂದು ಹೇಳಲು ಹೊರಟೆ, ಕರೆಂಟ್ ಬಂತು. ಅಳಿಯ ಚಾರ್ಜರ್ ಹುಡುಕಲು ಓಡಿದ. ಅಕ್ಕ ಬಂದು ಹಾಳೆ ಎತ್ತಿ ನೋಡಿದಳು.

"ಇದ್ಯಾರ ಹಾಲಿನ ಲೆಕ್ಕ?"